ದಾದಿಯರ ಮತ್ತು ಸೂಲಗಿತ್ತಿಯರ ಶಿಕ್ಷಣದಲ್ಲಿ ನಾಯಕತ್ವದ ಪ್ರಶ್ನೆ

ಆಸ್ಪತ್ರೆಯಲ್ಲಿ ನಾಯಕತ್ವವೆಂಬುದು ಮೇಲ್ವಿಚಾರಕರ ಪದವಿಗೆ ಸೇರಿದ ಗುಣವೆಂದೂ, ವಯಸ್ಸು ಮತ್ತು ಸೇವಾಹಿರಿತನಗಳೊಡನೆ ತಾನಾಗಿಯೇ ಬರತಕ್ಕದ್ದೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. 'ದಾದಿ' ಎಂಬ ಮಾತನ್ನು ನಾವಿಲ್ಲಿ ಶುಶ್ರೂಷೆಯಲ್ಲಿ ಶಿಕ್ಷಣ ಪಡೆದ ಸ್ತ್ರೀಪುರುಷರಿಬ್ಬರಿಗೂ, 'ಸೂಲಗಿತ್ತಿ' ಎಂಬ ಮಾತನ್ನು ಪ್ರಸೂತಿಕಾರ್ಯದಲ್ಲಿ ಕ್ರಮವಾದ ಶಿಕ್ಷಣ ಪಡೆದವರಿಗೂ ಅನ್ವಯಿಸಿ ಬಳಸಿದ್ದೇವೆ.

ಮೊದಲಿಗೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಎರಡು ಗಂಟೆ. ಹೆರಿಗೆಯಾಗಿ ಮೂರು ಗಂಟೆ ಕಳೆದಿರುವ ತಾಯಿಯೊಬ್ಬಳ ನಾಡಿ ಕ್ರಮೇಣ ವೇಗಗೊಳ್ಳುತ್ತಿದೆ. ಆಕೆ ಸ್ವಲ್ಪ ಬಿಳಿಚಿಕೊಂಡಿದ್ದಾಳೆ. ಆದರೆ ರಕ್ತದೊತ್ತಡ ಇನ್ನೂ ಇಳಿದಿಲ್ಲ. ಆರೋಗ್ಯವಂತಳಾದ ತರುಣಿಯ ಶರೀರವು ಸಾಕಷ್ಟು ರಕ್ತ ನಷ್ಟವಾಗುವವರೆಗೂ ಒತ್ತಡವನ್ನು ಕಾಯ್ದುಕೊಳ್ಳಬಲ್ಲದು. ಆದುದರಿಂದ ಒತ್ತಡ ಕುಸಿಯುವುದನ್ನೇ ಕಾದು ಕುಳಿತರೆ ಚಿಕಿತ್ಸೆಯ ಸಮಯ ಮೀರಿಹೋಗುತ್ತದೆ. ಈ ಬದಲಾವಣೆಯನ್ನು ಮೊದಲು ಕಾಣುವವಳು ಮೇಲ್ವಿಚಾರಕಿಯಲ್ಲ, ವೈದ್ಯರೂ ಅಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾಗಿರುವ ದಾದಿ. ನಿದ್ರೆಯಲ್ಲಿರುವ ವೈದ್ಯರನ್ನು ಎಬ್ಬಿಸಬೇಕೆ, ಇನ್ನೊಂದು ಗಂಟೆ ನೋಡಬೇಕೆ ಎಂಬ ನಿರ್ಣಯವನ್ನು ಆಕೆಯೇ ಮಾಡಬೇಕು. ನಾಯಕತ್ವವೆಂದರೆ ರೋಗಿಯ ಹಿತಕ್ಕಾಗಿ ಇತರರನ್ನು ಕಾರ್ಯಕ್ಕೆ ತೊಡಗಿಸುವ ಶಕ್ತಿ ಎಂದಾದರೆ, ಆ ಗಳಿಗೆಯಲ್ಲಿ ಆ ವಾರ್ಡಿನ ನಾಯಕಿ ಅವಳೇ. ಪದವಿಯಿಂದ ಬರುವ ಅಧಿಕಾರ ಬೇರೆ, ರೋಗಿಯ ಮಂಚದ ಬಳಿಯ ಈ ನಾಯಕತ್ವ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯುವ ದಾದಿಯರ ಮೇಲೆ ಇಂಥ ಹೊಣೆ ಬೀಳುವುದು ಹೊಸ ಸಂಗತಿಯೇನಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಆರಂಭವಾದಾಗ, ಅಲ್ಲಿ ಕಲಿತವರು ಇತರ ಆಸ್ಪತ್ರೆಗಳಿಗೆ ಹೋಗಿ ಅಲ್ಲಿನವರಿಗೆ ಕಲಿಸಬೇಕೆಂಬುದೇ ಅದರ ಧ್ಯೇಯವಾಗಿತ್ತು. 1865ರಲ್ಲಿ ಆಗ್ನೆಸ್ ಜೋನ್ಸ್ ಎಂಬಾಕೆ ಹನ್ನೆರಡು ಮಂದಿ ದಾದಿಯರೊಡನೆ ಲಿವರ್‌ಪೂಲಿನ ಬಡವರ ಆಸ್ಪತ್ರೆಯ ಹೊಣೆ ಹೊತ್ತಾಗ ಆಕೆಗೆ ಇನ್ನೂ ಮೂವತ್ತಮೂರು ತುಂಬಿರಲಿಲ್ಲ. 1868ರಲ್ಲಿ ಟೈಫಸ್ ಜ್ವರಕ್ಕೆ ಆಕೆ ಬಲಿಯಾದರು. ಅದೇ ವರ್ಷ ಲೂಸಿ ಆಸ್‌ಬರ್ನ್ ಐವರು ಸಹೋದ್ಯೋಗಿಗಳೊಡನೆ ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಬಂದಿಳಿದರು. ಆದರೆ ಆ ಕಾಲದ ಶಿಕ್ಷಣದಲ್ಲಿ ಒಂದು ಇಬ್ಬಂದಿತನವಿತ್ತು. ಆಯ್ದ ಕೆಲವರಿಗೆ ಆಳುವುದನ್ನು ಕಲಿಸಿದ ಆ ಪದ್ಧತಿ ಉಳಿದವರಿಗೆ ವಿಧೇಯತೆಯನ್ನೇ ಪರಮಗುಣವೆಂದು ಬೋಧಿಸಿತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳೇ ಒಳ್ಳೆಯ ದಾದಿ ಎಂಬ ಅಭಿಪ್ರಾಯ ಬಹುಕಾಲ ಬೇರೂರಿ ನಿಂತಿತು. ಅಂಥವಳು ರಾತ್ರಿ ಎರಡು ಗಂಟೆಗೆ ಯಾರೂ ಹೇಳದಿದ್ದುದನ್ನು ಮಾಡಬೇಕಾಗಿ ಬಂದಾಗ ತಡವರಿಸುವುದು ಸಹಜ.

ಈ ತಡವರಿಕೆಯ ಸ್ವರೂಪವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಇಬ್ಬರು ಅಮೆರಿಕನ್ ವಿದ್ವಾಂಸರು ವಿವರಿಸಿದ್ದಾರೆ. ಮಾರ್ಲೀನ್ ಕ್ರೇಮರ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಾಲೇಜಿನಲ್ಲಿ ಕಲಿತ ಆದರ್ಶಕ್ಕೂ ವಾರ್ಡಿನಲ್ಲಿ ಕಾಣುವ ವ್ಯವಹಾರಕ್ಕೂ ಇರುವ ಅಂತರದಿಂದ ಹೊಸ ದಾದಿಯರು ಅನುಭವಿಸುವ ಪೆಟ್ಟನ್ನು 'ವಾಸ್ತವದ ಆಘಾತ' ಎಂದು ಕರೆದರು. ಪೆಟ್ರೀಷಿಯ ಬೆನ್ನರ್ 1984ರಲ್ಲಿ ದಾದಿಯ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿದರು: ನವಶಿಷ್ಯೆ, ಮುಂದುವರಿದ ಆರಂಭಿಕಳು, ಸಮರ್ಥೆ, ಪ್ರವೀಣೆ, ನಿಷ್ಣಾತೆ. ಮೇಲಿನ ಸಂದರ್ಭಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ನವಶಿಷ್ಯೆಯು ನಾಡಿಯನ್ನೂ ಒತ್ತಡವನ್ನೂ ನಿಯಮದಂತೆ ಬರೆದಿಡುತ್ತಾಳೆ. ಆರಂಭಿಕಳಿಗೆ ಏನೋ ಸರಿಯಿಲ್ಲವೆಂದು ತೋರುತ್ತದೆ. ಯಾವುದು ಮುಖ್ಯವೆಂದು ತಿಳಿಯದು. ಸಮರ್ಥೆಯು ಮುಂದಿನ ಕ್ರಮವನ್ನು ಯೋಜಿಸುತ್ತಾಳೆ. ಪ್ರವೀಣೆಯು ಬಿಡಿ ಅಂಕಿಗಳನ್ನಲ್ಲದೆ ರೋಗಿಯ ಸ್ಥಿತಿಯನ್ನು ಒಟ್ಟಾಗಿ ಕಾಣುತ್ತಾಳೆ. ನಿಷ್ಣಾತೆಗೆ ಬಾಗಿಲಲ್ಲಿ ನಿಂತಾಗಲೇ ಅಪಾಯದ ಅರಿವಾಗುತ್ತದೆ. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ತೊಡಗಿದವರು ಸಾಮಾನ್ಯವಾಗಿ ಮೂರನೆಯ ಹಂತವನ್ನು ಮುಟ್ಟುತ್ತಾರೆಂದು ಬೆನ್ನರ್ ಸೂಚಿಸಿದ್ದಾರೆ. ಹೀಗಿರುವಲ್ಲಿ ಮೊದಲ ಮೂರು ವರ್ಷಗಳೇ ನಿರ್ಣಾಯಕವಾದುವು. ಆ ಅವಧಿಯಲ್ಲಿ ಮಾತನಾಡುವ ಅಭ್ಯಾಸ ಬೆಳೆಯದಿದ್ದರೆ ಮೌನದ ಅಭ್ಯಾಸ ಬೆಳೆಯುತ್ತದೆ. ಅದು ಹಿರಿತನದೊಡನೆ ಹೋಗುವುದಿಲ್ಲ, ಗಟ್ಟಿಯಾಗುತ್ತದೆ.

ಮೌನದ ಫಲವೇನೆಂಬುದಕ್ಕೆ ಇಂಗ್ಲೆಂಡಿನಲ್ಲಿ ದುಃಖಕರವಾದ ನಿದರ್ಶನವಿದೆ. ಮಿಡ್ ಸ್ಟಾಫರ್ಡ್‌ಷೈರ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳಿಗೆ ಒದಗಿದ ದುರವಸ್ಥೆಯನ್ನು ಕುರಿತು ರಾಬರ್ಟ್ ಫ್ರಾನ್ಸಿಸರ ಅಧ್ಯಕ್ಷತೆಯಲ್ಲಿ ನಡೆದ ಸಾರ್ವಜನಿಕ ವಿಚಾರಣೆಯ ವರದಿ 2013ರಲ್ಲಿ ಹೊರಬಂದಿತು. ಅದರಲ್ಲಿ 290 ಶಿಫಾರಸುಗಳಿದ್ದುವು. ಆ ವರದಿಯಿಂದ ನಾವು ಗ್ರಹಿಸಬೇಕಾದ ಮುಖ್ಯಾಂಶವಿದು: ಅಲ್ಲಿ ದೋಷಗಳನ್ನು ಕಂಡವರೇ ಇರಲಿಲ್ಲವೆಂದಲ್ಲ, ಕೆಲವರು ಹೇಳಿದರು, ಕೇಳುವವರಿರಲಿಲ್ಲ, ಹಲವರು ಭಯದಿಂದ ಸುಮ್ಮನಾದರು. ಹೀಗಾಗಿ ಮೌನವನ್ನು ಒಬ್ಬ ದಾದಿಯ ಹೇಡಿತನವೆಂದು ಎಣಿಸಲಾಗದು. ಅದು ಸಂಸ್ಥೆಯೇ ಕಲಿಸುವ ಪಾಠ. ಹಾಗೆ ಕಲಿಸಬಹುದಾದರೆ ಅದರ ವಿರುದ್ಧವಾದುದನ್ನೂ ಕಲಿಸಬಹುದು.

ಕಲಿಸುವ ಬಗೆ ಹೇಗೆ? ಮೂರು ಉಪಾಯಗಳನ್ನು ಹೇಳಬಹುದು. ಮೊದಲನೆಯದು, ಮೊದಲ ವರ್ಷದಲ್ಲಿ ಪ್ರತಿಯೊಬ್ಬ ಹೊಸಬರಿಗೂ ಅನುಭವಿಯಾದ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡುವುದು. ಈ ಮಾರ್ಗದರ್ಶಿ ತಪ್ಪು ಹಿಡಿಯುವ ಅಧಿಕಾರಿಯಾಗಿರದೆ, 'ನೀನು ಏನನ್ನು ಕಂಡೆ, ಏಕೆ ಹಾಗೆ ನಿರ್ಧರಿಸಿದೆ' ಎಂದು ಕೇಳುವ ಗುರುವಾಗಿರಬೇಕು. ಎರಡನೆಯದು, ಮಾತಿಗೊಂದು ಕ್ರಮವನ್ನು ಕಲಿಸುವುದು. ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಲ್ಲಿ ರೂಢಿಯಲ್ಲಿದ್ದು ಅನಂತರ ಆಸ್ಪತ್ರೆಗಳಿಗೆ ಬಂದ ಒಂದು ವಿಧಾನದಂತೆ, ವರದಿಯನ್ನು ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ನಾಲ್ಕು ಭಾಗಗಳಲ್ಲಿ ಒಪ್ಪಿಸಲಾಗುತ್ತದೆ. ನಮ್ಮ ದಾದಿ ದೂರವಾಣಿಯಲ್ಲಿ, 'ಮೇಡಂ, ಆ ತಾಯಿ ಯಾಕೋ ಸರಿಯಿಲ್ಲ' ಎಂದರೆ 'ನೋಡುತ್ತಿರಿ' ಎಂಬ ಉತ್ತರ ಬಂದೀತು. ಅದರ ಬದಲು, 'ಮೇಡಂ, ಹೆರಿಗೆ ವಾರ್ಡಿನಿಂದ ಮಾತನಾಡುತ್ತಿದ್ದೇನೆ. ಒಬ್ಬ ತಾಯಿಯ ನಾಡಿ ಒಂದು ಗಂಟೆಯಲ್ಲಿ 84ರಿಂದ 118ಕ್ಕೆ ಏರಿದೆ. ಹೆರಿಗೆಯಾಗಿ ಮೂರು ಗಂಟೆಯಾಯಿತು. ರಕ್ತಸ್ರಾವ ಹೆಚ್ಚಾಗುತ್ತಿದೆಯೆಂದು ನನಗೆ ತೋರುತ್ತದೆ. ತಾವು ಈಗಲೇ ಬಂದು ನೋಡಬೇಕು' ಎಂದರೆ ಆ ಮಾತಿಗೆ ತೂಕವಿರುತ್ತದೆ. ಇಲ್ಲಿ ಮೂರನೆಯ ಭಾಗವೇ ಮಹತ್ತ್ವದ್ದು. ತನ್ನ ಅಭಿಪ್ರಾಯವನ್ನು ಹೇಳುವ ಅಧಿಕಾರ ಹೊಸ ದಾದಿಗೂ ಉಂಟೆಂದು ಅದು ಒಪ್ಪುತ್ತದೆ. ಮೂರನೆಯ ಉಪಾಯವೆಂದರೆ ಚಿಕ್ಕದಾದರೂ ನಿಜವಾದ ಹೊಣೆಯನ್ನು ವಹಿಸುವುದು: ಪಾಳಿ ಬದಲಾಗುವಾಗಿನ ವರದಿಯ ಕ್ರಮವನ್ನೋ ಕೈತೊಳೆಯುವ ನಿಯಮದ ಪಾಲನೆಯನ್ನೋ ಪರಿಶೀಲಿಸಿ ಸುಧಾರಣೆ ಸೂಚಿಸುವ ಕೆಲಸವನ್ನು ಎರಡನೆಯ ವರ್ಷದವರಿಗೆ ಒಪ್ಪಿಸಬಹುದು.

ಈ ವಿಚಾರಕ್ಕೆ ಜಗತ್ತಿನ ಗಮನವೂ ಹರಿದಿದೆ. ಶುಶ್ರೂಷಾವೃತ್ತಿಯ ಉನ್ನತಿಗಾಗಿ 2018ರಿಂದ 2021ರವರೆಗೆ ನಡೆದ 'ನರ್ಸಿಂಗ್ ನೌ' ಆಂದೋಲನವು, ಮೂವತ್ತೈದು ವರ್ಷದೊಳಗಿನ ದಾದಿಯರಿಗೂ ಸೂಲಗಿತ್ತಿಯರಿಗೂ ನಾಯಕತ್ವದ ತರಬೇತಿ ಕೊಡುವಂತೆ ಸಂಸ್ಥೆಗಳಿಗೆ ಕರೆಯಿತ್ತಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯಂತೆ ರಾಷ್ಟ್ರಮಟ್ಟದಲ್ಲಿ ಇಂಥ ಕಾರ್ಯಕ್ರಮವಿದ್ದ ದೇಶಗಳು 78. ಆದರೆ ಕೆಲವು ದಿನಗಳ ಶಿಬಿರದಿಂದ ನಾಯಕತ್ವ ಬೆಳೆಯಿತೆಂದು ತಿಳಿಯುವುದು ತಪ್ಪಾದೀತು. ಶಿಬಿರದಲ್ಲಿ ಮಾತನಾಡಲು ಕಲಿತವಳು ವಾರ್ಡಿಗೆ ಹಿಂದಿರುಗಿ ಗದರಿಕೆಗೆ ಗುರಿಯಾದರೆ, ಕಲಿತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇನ್ನು ನಮ್ಮ ದೇಶದ ಸ್ಥಿತಿ. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಶುಶ್ರೂಷೆಯ ಪದವಿಶಿಕ್ಷಣ ಆರಂಭವಾಯಿತು. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ಹೊಸ ರಾಷ್ಟ್ರೀಯ ಆಯೋಗದ ಕಾಯಿದೆ ಅಂಗೀಕೃತವಾಯಿತು. 2018ರಲ್ಲಿ ಕೇಂದ್ರಸರ್ಕಾರವು, ಈಗಾಗಲೇ ಶಿಕ್ಷಣ ಪಡೆದ ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಸೂಲಗಿತ್ತಿಯರೇ ನಿರ್ವಹಿಸುವ ಯೋಜನೆಯನ್ನು ಪ್ರಕಟಿಸಿತು. ಈ ಯೋಜನೆಯ ಯಶಸ್ಸು ತರಬೇತಿಯನ್ನಷ್ಟೇ ಅವಲಂಬಿಸಿಲ್ಲ. ಆಸ್ಪತ್ರೆಯಲ್ಲಿ ಆಕೆಯ ನಿರ್ಣಯಕ್ಕೆ ದೊರೆಯುವ ಮನ್ನಣೆಯನ್ನೂ ಅವಲಂಬಿಸಿದೆ.

ಅಂಥ ಮನ್ನಣೆ ನಮ್ಮ ನಾಡಿಗೆ ಅಪರಿಚಿತವಲ್ಲ. ಪಾವಗಡ ಸೀಮೆಯ ನರಸಮ್ಮನವರು ಶಾಲೆಯ ಶಿಕ್ಷಣವಿಲ್ಲದೆ, ಅಜ್ಜಿಯಿಂದ ವಿದ್ಯೆ ಕಲಿತು ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 'ಸೂಲಗಿತ್ತಿ' ಎಂಬ ಮಾತೇ ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಆ ಗೌರವ ಹುದ್ದೆಯಿಂದ ಬಂದುದಲ್ಲ. ಹಿರಿಯಳೊಬ್ಬಳ ಪಕ್ಕದಲ್ಲಿ ನಿಂತು ಕಲಿತದ್ದರಿಂದಲೂ, ಜನ ಆಕೆಯ ಮಾತನ್ನು ನಂಬಿದ್ದರಿಂದಲೂ ಬಂದುದು. ಆಧುನಿಕ ವಿಜ್ಞಾನವನ್ನು ಬಲ್ಲ ಇಂದಿನ ದಾದಿಗೆ ಇವೆರಡೂ ದೊರೆಯಬೇಕು.

ಆದುದರಿಂದ ನಾಯಕತ್ವವನ್ನು ಕೊನೆಯ ವರ್ಷದ ಒಂದು ಪಾಠವಾಗಿ ಬೋಧಿಸಿ ಮುಗಿಸುವುದು ಸಾಲದು. ವಿದ್ಯಾರ್ಥಿನಿ ಮೊದಲ ದಿನ ವಾರ್ಡಿಗೆ ಕಾಲಿಟ್ಟಾಗಿನಿಂದ ಆಕೆಯ ಅಭಿಪ್ರಾಯವನ್ನು ಕೇಳುವ, ಕೇಳಿದ ಮೇಲೆ ಉತ್ತರ ಕೊಡುವ ವಾಡಿಕೆಯನ್ನು ಅಧ್ಯಾಪಕರೂ ವೈದ್ಯರೂ ಬೆಳೆಸಬೇಕು. ಆಕೆ ಕರೆದು, ವೈದ್ಯರು ಬಂದು ನೋಡಿ, ಅಪಾಯವೇನೂ ಇಲ್ಲವೆಂದು ಕಂಡುಬಂದರೂ, 'ಕರೆದದ್ದು ಒಳ್ಳೆಯದಾಯಿತು' ಎಂಬ ಒಂದು ಮಾತು ಹೇಳಿದರೆ ಸಾಕು. ಮುಂದಿನ ರಾತ್ರಿ, ನಿಜವಾದ ಅಪಾಯ ಬಂದಾಗ, ಆಕೆ ಮತ್ತೆ ಕರೆಯುತ್ತಾಳೆ.