ಅಬ್ಬಿ ನೀರು

ಅಬ್ಬಿ ನೀರು ಎಂದರೆ ಗುಡ್ಡದ ಒರತೆಯ ನೀರನ್ನು ಯಂತ್ರದ ನೆರವಿಲ್ಲದೆ, ಇಳಿಜಾರಿನ ಬಲದಿಂದಲೇ ಮನೆಯ ಬಳಿಗೆ ಹರಿಸಿ ಸಂಗ್ರಹಿಸುವ ಮಲೆನಾಡಿನ ಸಾಂಪ್ರದಾಯಿಕ ವ್ಯವಸ್ಥೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗುಡ್ಡದ ಬುಡದ ಮನೆಗಳಲ್ಲಿ ಇದು ಬಳಕೆಯಲ್ಲಿದೆ. ‘ಅಬ್ಬಿ’ ಎಂಬ ಪದಕ್ಕೆ ಜಲಪಾತ, ಝರಿ ಎಂಬ ಅರ್ಥಗಳಿವೆ. ತಮಿಳಿನ ‘ಅರುವಿ’ ಇದಕ್ಕೆ ಸಂಬಂಧಿಸಿದ ಪದ.

ಹಿನ್ನೆಲೆ

ಈ ಪ್ರದೇಶ ಪಶ್ಚಿಮ ಘಟ್ಟಗಳ ಅಂಚಿನಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಹಳ್ಳ ಹೊಳೆಗಳನ್ನು ಸೇರುತ್ತದೆ. ಮಣ್ಣಿನಲ್ಲಿ ಇಂಗಿದ ಪಾಲು ಮಾತ್ರ ಗುಡ್ಡದ ಓರೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಮನೆ ಮತ್ತು ಅಡಿಕೆ ತೋಟಗಳು ಕೆಳಗಿನ ಕಣಿವೆಯಲ್ಲಿರುವುದರಿಂದ ನೀರು ತಾನಾಗಿ ಇಳಿದು ಬರುತ್ತದೆ. ಮಳೆ ಹೇರಳವಾದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಒರತೆ ಕ್ಷೀಣಿಸುವುದು ಇಲ್ಲಿನ ಮುಖ್ಯ ಸಮಸ್ಯೆ.

ರಚನೆ

ಹಿಂದೆ ಅಡಿಕೆ ಮರದ ಕಾಂಡವನ್ನು ಉದ್ದಕ್ಕೆ ಸೀಳಿ, ಒಳತಿರುಳನ್ನು ತೆಗೆದು, ದಂಬೆಗಳನ್ನು ಮಾಡುತ್ತಿದ್ದರು. ಕವಲುಗೋಲುಗಳ ಮೇಲೆ ಒಂದರ ತುದಿ ಇನ್ನೊಂದರ ಬಾಯಿಗೆ ಬರುವಂತೆ ಅವುಗಳನ್ನು ಜೋಡಿಸಿ ನೀರನ್ನು ಬಚ್ಚಲಿನ ಬಳಿಯ ಕಲ್ಲಿನ ಬಾನಿಗೆ ಬೀಳಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಪ್ಲಾಸ್ಟಿಕ್ ಪೈಪು ಮತ್ತು ತೊಟ್ಟಿಗಳು ಅವುಗಳ ಸ್ಥಾನವನ್ನು ಪಡೆದಿವೆ. ಒರತೆಯ ಬಳಿ ಸಣ್ಣ ಗುಂಡಿ ಕಟ್ಟಿ, ಪೈಪಿನ ಬಾಯಿಗೆ ಜಾಲರಿ ಹಾಕಿದರೆ ತರಗೆಲೆ, ಮರಳು ಒಳಹೋಗುವುದಿಲ್ಲ. ಪೈಪು ದಾರಿಯಲ್ಲಿ ಏರಿ ಇಳಿದರೆ ಎತ್ತರದ ಭಾಗದಲ್ಲಿ ಗಾಳಿ ಸೇರಿ ಹರಿವಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಒಂದೇ ಸಮನೆ ಇಳಿಯುವಂತೆ ಹಾಸುವುದು, ಆಗದಿದ್ದಲ್ಲಿ ಏರಿನ ತುದಿಯಲ್ಲಿ ಗಾಳಿ ಹೊರಹೋಗಲು ದಾರಿ ಮಾಡುವುದು ಅಗತ್ಯ.

ಸಂಗ್ರಹದ ಲೆಕ್ಕ

ಅಬ್ಬಿಯ ಹರಿವು ಸಣ್ಣದು, ಆದರೆ ಹಗಲಿರುಳು ನಿಲ್ಲದ್ದು. 10 ಲೀಟರಿನ ಕೊಡಪಾನ ತುಂಬಲು 10 ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ 1 ಲೀಟರ್, ದಿನಕ್ಕೆ 1,440 ಲೀಟರ್. ಜಲಜೀವನ್ ಮಿಷನ್ ಯೋಜನೆಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದಾದರೆ ಐವರ ಕುಟುಂಬಕ್ಕೆ 275 ಲೀಟರ್ ಬೇಕು. ನಾಲ್ಕು ದನಗಳಿಗೆ ತಲಾ 50 ಲೀಟರ್ ಎಂದು ಹಿಡಿದರೆ ಒಟ್ಟು 475 ಲೀಟರ್ ಆಗುತ್ತದೆ. ಮನೆಯವರು ಮಲಗಿರುವ ಎಂಟು ಗಂಟೆಗಳಲ್ಲೇ 480 ಲೀಟರ್ ಹರಿದು ಬರುತ್ತದೆ. ತೊಟ್ಟಿ ಇಲ್ಲದಿದ್ದರೆ ಆ ನೀರು ಮನೆಬಳಕೆಗೆ ಒದಗುವುದಿಲ್ಲ. 1,000 ಲೀಟರಿನ ತೊಟ್ಟಿ ಇಂತಹ ಮನೆಯ ಎರಡು ದಿನಗಳ ಅಗತ್ಯವನ್ನು ಪೂರೈಸುತ್ತದೆ.

ಹರಿವನ್ನು ಮಳೆಗಾಲದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ; ಮೇ ತಿಂಗಳಲ್ಲಿ ಅಳೆಯಬೇಕು. ಮೇಲೆ ಹೇಳಿದ ಹರಿವು ಬೇಸಗೆಯಲ್ಲಿ ಕಾಲುಭಾಗಕ್ಕೆ ಇಳಿದರೆ ದಿನಕ್ಕೆ 360 ಲೀಟರ್ ಮಾತ್ರ ದೊರೆಯುತ್ತದೆ. ಆಗ ಜನರಿಗೆ ಸಾಕಾದರೂ ದನಗಳಿಗೆ ಪೂರ್ತಿ ಸಾಲದು. ದೊಡ್ಡ ತೊಟ್ಟಿಯೂ ಆ ಕೊರತೆಯನ್ನು ಕೆಲವು ದಿನ ಮುಂದೂಡಬಲ್ಲದೇ ಹೊರತು ನೀಗಿಸಲಾರದು.

ಶುದ್ಧತೆ

ತೊಟ್ಟಿಗೆ ಬೆಳಕು ತೂರದ ಮುಚ್ಚಳವಿದ್ದರೆ ಪಾಚಿ ಬೆಳೆಯುವುದಿಲ್ಲ. ಗಾಳಿಗಂಡಿಗೆ ಸೊಳ್ಳೆಜಾಲರಿ ಬೇಕು. ಬಳಕೆಯ ನಲ್ಲಿಯನ್ನು ತಳದಿಂದ ಸ್ವಲ್ಪ ಮೇಲಕ್ಕೂ, ಕೆಸರು ತೆಗೆಯುವ ನಲ್ಲಿಯನ್ನು ತಳದಲ್ಲಿಯೂ ಇರಿಸುತ್ತಾರೆ. ತುಂಬಿ ಹೊರಸೂಸುವ ನೀರನ್ನು ತೋಟಕ್ಕೆ ಬಿಡಬಹುದು. ಒರತೆಯ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ಮುಕ್ತವೆಂದು ಹೇಳಲಾಗದು. ಕುಡಿಯುವ ನೀರನ್ನು ಕುದಿಸುವುದು ಕ್ಷೇಮ. ಕ್ಲೋರಿನ್ ಬಳಸುವುದಾದರೆ ಒಳಹರಿವನ್ನು ನಿಲ್ಲಿಸಿ, 1,000 ಲೀಟರಿಗೆ 25 ಶೇಕಡಾ ಕ್ಲೋರಿನ್ ಉಳ್ಳ ಬ್ಲೀಚಿಂಗ್ ಪುಡಿಯನ್ನು ಸುಮಾರು 4 ಗ್ರಾಂ ಬೆರೆಸಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು.

ಒರತೆಯ ರಕ್ಷಣೆ

ತೊಟ್ಟಿ ನೀರನ್ನು ಹಿಡಿದಿಡುತ್ತದೆ. ನೀರನ್ನು ಕೊಡುವುದು ಗುಡ್ಡ. ಒರತೆಯ ಮೇಲಿನ ಕಾನು ಅಥವಾ ಸೊಪ್ಪಿನಬೆಟ್ಟದ ಮರಗಳೂ ದರಗೂ ಮಳೆನೀರಿನ ಓಟವನ್ನು ತಡೆದು ಇಂಗಲು ಅವಕಾಶ ಕೊಡುತ್ತವೆ. ಮರಗಳನ್ನು ಕಡಿದು ನೆಲ ಬರಿದಾದಲ್ಲಿ ಮಳೆನೀರು ಮೇಲ್ಮಣ್ಣಿನೊಡನೆ ಕೊಚ್ಚಿಹೋಗುತ್ತದೆ. ಆದ್ದರಿಂದ ಒರತೆಯ ಸುತ್ತ ಬೇಲಿ ಹಾಕಿ ದನಕರುಗಳನ್ನು ದೂರವಿಡುವುದೂ, ಅದರ ಮೇಲಿನ ಹಸಿರನ್ನು ಉಳಿಸುವುದೂ ಅಬ್ಬಿ ವ್ಯವಸ್ಥೆಯ ಭಾಗವೇ ಆಗಿವೆ.