ಮಸ್ಕಿಯ ಬಂಡೆಯೂ ಗಣಕದ ತೆರೆಯೂ: ಅಕ್ಷರಗಣನೆಯ ವಿಚಾರ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಸಿ. ಬೀಡನ್ ಎಂಬವರು 1915ರಲ್ಲಿ ಬ್ರಾಹ್ಮೀಲಿಪಿಯ ಶಾಸನವೊಂದನ್ನು ಕಂಡುಹಿಡಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಧರ್ಮಲಿಪಿಗಳನ್ನು ಬರೆಯಿಸಿದ 'ದೇವಾನಾಂಪಿಯ'ನು ಅಶೋಕನೇ ಎಂಬುದಕ್ಕೆ ಅಲ್ಲಿಯ 'ಅಸೋಕಸ' ಎಂಬ ಪದವು ಪ್ರತ್ಯಕ್ಷ ಪ್ರಮಾಣವಾಯಿತು.

ಈ ಪದದಲ್ಲಿ ನಾಲ್ಕು ಅಕ್ಷರಗಳುಂಟು. ಎರಡನೆಯದಾದ 'ಸೋ' ಎಂಬಲ್ಲಿ ಸ್ವರಚಿಹ್ನೆಯು ವ್ಯಂಜನದ ಮೈಗೇ ಅಂಟಿಕೊಂಡಿದೆ. ಅದನ್ನು ಬೇರ್ಪಡಿಸಿ ಬರೆಯುವ ಪದ್ಧತಿ ಬ್ರಾಹ್ಮಿಯಲ್ಲಿ ಇಲ್ಲ. ಸಂಯುಕ್ತಾಕ್ಷರದಲ್ಲಿ ಮೊದಲ ವ್ಯಂಜನವು ಮೇಲೆಯೂ ಮುಂದಿನದು ಕೆಳಗೂ ನಿಲ್ಲುವುವು. ಬ್ರಾಹ್ಮಿಯಿಂದ ಬೆಳೆದ ಕನ್ನಡ ಲಿಪಿಯೂ ಈ ಕ್ರಮವನ್ನೇ ಉಳಿಸಿಕೊಂಡಿದೆ. ಛಂದಶ್ಶಾಸ್ತ್ರದಲ್ಲಿ ಲಘುಗುರುಗಳನ್ನು ಎಣಿಸುವುದೂ ಅಕ್ಷರದಿಂದಲೇ.

ಗಣಕಯಂತ್ರದ ಎಣಿಕೆಯಾದರೋ ಬೇರೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೂ ಬ್ರಾಹ್ಮಿಗೆ 2010ರಲ್ಲಿಯೂ ಸ್ಥಾನ ದೊರೆಯಿತು. ಅದರಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿರಾಮ ಇವಕ್ಕೆಲ್ಲ ಪ್ರತ್ಯೇಕ ಸಂಕೇತಗಳಿವೆ. ಆದುದರಿಂದ 'ಸಿಂಧನೂರು' ಎಂಬುದು ನಾಲ್ಕು ಅಕ್ಷರ, 8 ಸಂಕೇತ. 'ಲಿಂಗಸುಗೂರು' ಐದು ಅಕ್ಷರ, 10 ಸಂಕೇತ. 'ಮಸ್ಕಿ' ಎರಡೇ ಅಕ್ಷರ, 5 ಸಂಕೇತ.

ಬೆರಳ ಸ್ಪರ್ಶಕ್ಕೆ ಉತ್ತರ ಕೊಡುವ ತೆರೆಗಳನ್ನು ರಚಿಸುವವರು ಈ ಭೇದವನ್ನು ಅವಶ್ಯವಾಗಿ ತಿಳಿದಿರತಕ್ಕುದು. ಅರ್ಜಿಯ ಕೋಷ್ಠಕವೊಂದು ಐದು ಸಂಕೇತಗಳನ್ನು ಮಾತ್ರ ಸ್ವೀಕರಿಸುವುದಾದರೆ ಲಿಂಗಸುಗೂರು 'ಲಿಂಗಸ' ಎಂದಾಗುವುದು. ಮೂರನ್ನೇ ಸ್ವೀಕರಿಸಿದರೆ ಮಸ್ಕಿಯು 'ಮಸ್' ಎಂದು ನಿಲ್ಲುವುದು. ಹೆಸರು ಕೆಟ್ಟರೆ ಅರ್ಜಿಯೂ ಕೆಡುವುದು.

ಸಂಕೇತಗಳನ್ನು ಅಕ್ಷರಗಳಾಗಿ ಗುಂಪುಗೂಡಿಸಲು ಸಾಧನವಿಲ್ಲದಿಲ್ಲ. ಯೂನಿಕೋಡಿನ 29ನೆಯ ಅನುಬಂಧವು ಪಠ್ಯವಿಭಜನೆಯ ನಿಯಮಗಳನ್ನು ವಿಧಿಸುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ 'ಇಂಟ್ಲ್ ಸೆಗ್ಮೆಂಟರ್' ಎಂಬ ಉಪಕರಣವು ಅವುಗಳನ್ನು ಅನುಸರಿಸುವುದು. ಸ್ವರಚಿಹ್ನೆಯನ್ನೂ ಅನುಸ್ವಾರವನ್ನೂ ವ್ಯಂಜನದಿಂದ ಅಗಲಿಸದೆ ಇದು ಸಿಂಧನೂರನ್ನು ನಾಲ್ಕಾಗಿ, ಲಿಂಗಸುಗೂರನ್ನು ಐದಾಗಿ ಸರಿಯಾಗಿಯೇ ಎಣಿಸುತ್ತದೆ.

ಮಸ್ಕಿಯಲ್ಲಿ ಮಾತ್ರ ತೊಡಕು. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಬಂದಿತು. ದೇವನಾಗರಿ, ತೆಲುಗು, ಮಲಯಾಳ ಮೊದಲಾದ ಆರು ಲಿಪಿಗಳಿಗೆ ಅದನ್ನು ಅನ್ವಯಿಸಲಾಯಿತು. ಆ ಆರರಲ್ಲಿ ಕನ್ನಡವಿರಲಿಲ್ಲ. ಆ ನಿಯಮದಂತೆ ಎಣಿಸಿದರೆ ಮಸ್ಕಿಯು 'ಮ', 'ಸ್', 'ಕಿ' ಎಂದು ಮೂರಾಗುವುದು. ಕನ್ನಡದ ಬರವಣಿಗೆಯಲ್ಲಿ ಇಕಾರದ ಗುಡಿಸು ಮೇಲಿನ ಸಕಾರಕ್ಕೆ ಸೇರಿ ಕಕಾರವು ಒತ್ತಾಗಿ ಕೆಳಗೆ ನಿಲ್ಲುವುದಷ್ಟೆ. ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ತೆರೆಯು ಇದನ್ನು ಮೂರು ತುಂಡು ಮಾಡಿದರೆ ಆ ರೂಪವೇ ನಾಶವಾಗುವುದು.

ಪರಿಹಾರವು ಕಠಿಣವಲ್ಲ. ವಿರಾಮದ ಮುಂದೆ ವ್ಯಂಜನ ಬಂದರೆ ಎರಡು ಗುಂಪುಗಳನ್ನೂ ಕೂಡಿಸತಕ್ಕುದು. 'ರಾಜ್‌ಕುಮಾರ್' ಎಂಬಂತಹ ಪದಗಳಲ್ಲಿ ಒತ್ತಾಗದಂತೆ ತಡೆಯುವ ಅದೃಶ್ಯ ಸಂಕೇತವಿದ್ದರೆ ಮಾತ್ರ ಕೂಡಿಸಲಾಗದು. ಹೀಗೆ ರಚಿಸಿದ ಉಪಕರಣವನ್ನು ಈ ಮೂರು ಊರುಗಳ ಹೆಸರುಗಳಿಂದಲೇ ಪರೀಕ್ಷಿಸಬಹುದು: ಉತ್ತರವು ನಾಲ್ಕು, ಐದು, ಎರಡು ಎಂದಿರಬೇಕು. ಅಶೋಕನ ಹೆಸರನ್ನು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅಕ್ಷರಶಃ ಕಾಪಾಡಿದ ಊರಿನ ಹೆಸರು ತೆರೆಯ ಮೇಲೆ ಒಡೆಯದಿರಲು ಇಷ್ಟು ಎಚ್ಚರಿಕೆ ಸಾಕು.