ಹಾಯಿದೋಣಿಯಲ್ಲಿ ದೇಹದ ಪಾಡು

ತುರುವೇಕೆರೆಯ ನಮಗೆ ಸಮುದ್ರವೆಂದರೆ ಧರ್ಮಸ್ಥಳಕ್ಕೆ ಹೋದವರು ಮಂಗಳೂರಿನವರೆಗೂ ಹೋಗಿ ನೋಡಿಬರುವ ನೀರು. ಆದರೆ ತೆಂಗಿನ ನಾರಿಗೂ ಸಮುದ್ರಕ್ಕೂ ಇರುವ ನಂಟು ಬಹಳ ಹಳೆಯದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹಾಯಿಹಡಗಿನ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅಜಂತಾ ಗುಹೆಯ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು ಅದು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಗಾಳಿಯನ್ನೇ ನಂಬಿ, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಇದಕ್ಕೂ ಮುಂಚೆ, 2017ರ ಸೆಪ್ಟೆಂಬರ್ 10ರಂದು, ಗೋವಾದಿಂದ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ದೋಣಿಯಲ್ಲಿ ಭೂಮಿಯನ್ನು ಸುತ್ತಲು ಹೊರಟರು. ಮರಳಿದ್ದು 254 ದಿನಗಳ ನಂತರ. ಅದೇ ದೋಣಿಯಲ್ಲಿ 2024ರ ಅಕ್ಟೋಬರಿನಿಂದ 2025ರ ಮೇವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಮತ್ತೊಂದು ಸುತ್ತು ಮುಗಿಸಿದರು. ತಾರಿಣಿಯ ಉದ್ದ ಕೇವಲ 55 ಅಡಿ. ತೋಟದ ಒಂದೇ ಸಾಲಿನ ಮೂರು ತೆಂಗಿನ ಮರಗಳಿಗೆ ಸರಿಹೋಗುವಷ್ಟು. ಅಷ್ಟರಲ್ಲೇ ಅಡುಗೆ, ನಿದ್ದೆ, ಶೌಚ, ದುಡಿಮೆ ಎಲ್ಲವೂ. ಅಲ್ಲಿ ಕರೆದರೆ ಬರುವ ವೈದ್ಯರಿಲ್ಲ. ಇಂಥ ಕಡೆ ಮನುಷ್ಯನ ಶರೀರ ಏನೇನು ಅನುಭವಿಸುತ್ತದೆ ಎಂದು ತಿಳಿದರೆ ನಮ್ಮ ಮನೆಯ ಕೆಲವು ತೊಂದರೆಗಳೂ ಸ್ಪಷ್ಟವಾಗುತ್ತವೆ.

ಮೊದಲಿಗೆ ಕಾಡುವುದು ವಾಂತಿ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಅರ್ಧವೃತ್ತದ ನಾಳಗಳಿವೆ. ತಲೆ ಯಾವ ಕಡೆ ವಾಲಿತೆಂದು ಮಿದುಳಿಗೆ ತಿಳಿಸುವುದು ಇವುಗಳ ಕೆಲಸ. ದೋಣಿಯ ಒಳಗೆ ಕುಳಿತವರ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ, ಕಿವಿ ಮಾತ್ರ ಅಲ್ಲಾಡುತ್ತಿದ್ದೇವೆ ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಮಕ್ಕಳು ವಾಂತಿ ಮಾಡುವುದೂ ಇದೇ ಕಾರಣಕ್ಕೆ. ನಾವಿಕರು ದೋಣಿಯ ಮೇಲ್ಭಾಗಕ್ಕೆ ಬಂದು ದೂರದ ದಿಗಂತವನ್ನು ನೋಡುತ್ತಾರೆ. ನೀವು ಮಗುವನ್ನು ಬಸ್ಸಿನ ಮುಂಭಾಗದಲ್ಲಿ ಕೂರಿಸಿ ದೂರದ ರಸ್ತೆ ನೋಡಲು ಹೇಳಿ. ಪುಸ್ತಕ, ಮೊಬೈಲು ಬೇಡ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಸುಮಾರು ಒಂದು ಗಂಟೆ ಮುಂಚೆಯೇ ಕೊಡಬೇಕು. ವಾಂತಿ ಆರಂಭವಾದ ಮೇಲೆ ನುಂಗಿಸಿದರೆ ಅದೂ ಹೊರಗೇ ಬರುತ್ತದೆ. ಈ ಮಾತ್ರೆಗಳು ನಿದ್ದೆ ತರಿಸುತ್ತವೆ, ಆದ್ದರಿಂದ ವಾಹನ ಓಡಿಸುವವರು ತೆಗೆದುಕೊಳ್ಳಬಾರದು. ಸಮುದ್ರದಲ್ಲಿ ಬಹುತೇಕರಿಗೆ ಎರಡು ಮೂರು ದಿನಗಳಲ್ಲಿ ಶರೀರ ಹೊಂದಿಕೊಳ್ಳುತ್ತದೆ. ಆದರೆ ದಡಕ್ಕೆ ಇಳಿದ ಮೇಲೆ ನೆಲವೇ ತೂಗಿದಂತೆ ಭಾಸವಾಗುತ್ತದೆ!

ವಾಂತಿಗಿಂತ ದೊಡ್ಡ ಅಪಾಯ ಅದರಿಂದ ಶರೀರದ ನೀರು ಬತ್ತುವುದು. ಸುತ್ತ ಇಷ್ಟು ನೀರಿದೆಯಲ್ಲ ಎನ್ನುತ್ತೀರೇನೋ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನಮ್ಮ ಮೂತ್ರಪಿಂಡಗಳು ಅಷ್ಟು ಗಾಢವಾದ ಮೂತ್ರವನ್ನು ತಯಾರಿಸಲಾರವು. ಒಂದು ಲೀಟರ್ ಕುಡಿದರೆ ಆ ಉಪ್ಪನ್ನು ಹೊರಹಾಕಲು ಒಂದು ಲೀಟರಿಗೂ ಹೆಚ್ಚು ನೀರು ವ್ಯಯವಾಗುತ್ತದೆ. ಕುಡಿದಷ್ಟೂ ದಾಹ ಹೆಚ್ಚುತ್ತದೆ.

ಮನೆಯಲ್ಲಿ ಸಕ್ಕರೆ-ಉಪ್ಪಿನ ನೀರು ಮಾಡುವಾಗಲೂ ಇದೇ ಲೆಕ್ಕ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮನಾಗಿ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಳ್ಳೆಯದಾಗಲೆಂದು ಕೈತುಂಬ ಉಪ್ಪು ಸುರಿಯಬೇಡಿ. ಎಳೆಯ ಮಕ್ಕಳಿಗೆ ಅದು ಜೀವಕ್ಕೇ ಎರವಾಗಬಹುದು. ನಮ್ಮ ಕಡೆ ಎಲ್ಲದಕ್ಕೂ ಎಳನೀರೇ ಮದ್ದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ನಷ್ಟವಾಗುವುದು ಸೋಡಿಯಂ. ಹಾಗಾಗಿ ಜೋರು ವಾಂತಿಭೇದಿಯಾದಾಗ ಓ.ಆರ್.ಎಸ್. ಮೊದಲು, ಎಳನೀರು ಆಮೇಲೆ. ಮೂತ್ರಪಿಂಡದ ಕಾಯಿಲೆ ಇರುವವರು ತೋಟದ ಎಳನೀರೆಂದು ಎರಡು ಮೂರು ಇಳಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗುತ್ತದೆ. ಅಂಥವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇನ್ನು ಊಟ. 1498ರಲ್ಲಿ ವಾಸ್ಕೋ ಡ ಗಾಮ ಮರಳುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ, ಅಕ್ಟೋಬರಿನಲ್ಲಿ ಹೊರಟ. ಬರುವಾಗ ಮಳೆಗಾಲದ ಮುನ್ನಿನ ಗಾಳಿ ಹಿಡಿದು ಒಂದು ತಿಂಗಳೊಳಗೆ ದಾಟಿದ್ದ ಅರಬ್ಬಿ ಸಮುದ್ರ, ಎದುರುಗಾಳಿ ಮತ್ತು ನಿಂತ ಗಾಳಿಯಲ್ಲಿ ಮೂರು ತಿಂಗಳು ಹಿಡಿಯಿತು. ನಾವಿಕರ ವಸಡುಗಳು ಹಲ್ಲುಗಳ ಮೇಲೇ ಬೆಳೆದವು, ಕಾಲುಗಳು ಊದಿದವು. ಸುಮಾರು 30 ಮಂದಿ ಸತ್ತರು. ಇದು ‘ಸಿ’ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಇಷ್ಟು ಸರಳ ಸಂಗತಿಯನ್ನು ಬ್ರಿಟಿಷ್ ನೌಕಾಪಡೆ ಜಾರಿಗೆ ತರಲು 1795ರವರೆಗೆ ಕಾಯಬೇಕಾಯಿತು. ಸರ್ಕಾರಿ ಕಡತದ ನಡಿಗೆ ಎಲ್ಲ ದೇಶಗಳಲ್ಲೂ ಒಂದೇ ಏನೋ.

ಅಟ್ಟದ ತುಂಬ ಕೊಬ್ಬರಿ ಇದ್ದರೂ ಅದರಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಒಂಟಿಯಾಗಿ ಉಳಿದ ಹಿರಿಯರು ಮುದ್ದೆ, ಬೇಳೆಸಾರು, ಕಾಫಿ ಇಷ್ಟರಲ್ಲೇ ದಿನ ದೂಡುವುದುಂಟು. ಹಲ್ಲಿಲ್ಲವೆಂದು ಹಣ್ಣು ತಿನ್ನುವುದಿಲ್ಲ. ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಮಾಯದ ಗಾಯ ಕಂಡರೆ ತೋರಿಸಿ. ಸಕ್ಕರೆ ಕಾಯಿಲೆಯೂ ಇರಬಹುದು, ಬೇರೆ ರಕ್ತದ ತೊಂದರೆಯೂ ಇರಬಹುದು, ಹಳೆಯ ನಾವಿಕರ ಈ ಕಾಯಿಲೆಯೂ ಇರಬಹುದು. ದಿನಕ್ಕೊಂದು ನೆಲ್ಲಿಕಾಯಿಯನ್ನು ಜಜ್ಜಿ ಮಜ್ಜಿಗೆಗೆ ಹಾಕಿಕೊಟ್ಟರೂ ಸಾಕು, ಅಥವಾ ಒಂದು ಮಾಗಿದ ಸೀಬೆಹಣ್ಣು. ನಿಂಬೆರಸವನ್ನು ಸಾರು ಇಳಿಸಿದ ಮೇಲೆ ಹಿಂಡಿ. ಕುದಿಸಿದರೆ ಜೀವಸತ್ವ ನಾಶವಾಗುತ್ತದೆ.

ನಿದ್ದೆಯ ವಿಷಯ ಹೇಳುವುದಾದರೆ, ದೋಣಿಯಲ್ಲಿ ಸರದಿಯ ಕಾವಲು ಇರುವುದರಿಂದ ಅದು ತುಂಡು ತುಂಡು. ಸರಿರಾತ್ರಿಯಲ್ಲಿ ಕರೆಂಟು ಬಂತೆಂದು ಎದ್ದು ಮೋಟಾರು ಹಾಕಲು ಓಡುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥವರು ಮಧ್ಯಾಹ್ನ ಒಂದು ಗಂಟೆ ಮಲಗಿದರೆ ಸೋಮಾರಿಗಳೆಂದು ಮನೆಯವರು ಗೊಣಗಬಾರದು.

ಕೊನೆಯದು ಬೆನ್ನುಹುರಿ. ಇದೇ ನನಗೆ ಹೆಚ್ಚು ಚಿಂತೆಯ ವಿಷಯ. ನೌಕಾಪಡೆಯ ಅಭಿಲಾಷ್ ಟಾಮಿ 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಒಬ್ಬರೇ ಸಾಗುತ್ತಿದ್ದಾಗ, ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ದೋಣಿಯನ್ನು ಮಗುಚಿ ಹಾಕಿತು. ಕೂವೆಮರ ಮುರಿಯಿತು, ಅವರ ಬೆನ್ನೂ ಮುರಿಯಿತು. ಪರ್ತ್ ನಗರ ಸುಮಾರು 1,900 ನಾಟಿಕಲ್ ಮೈಲಿ ದೂರ. ಏಳಲಾಗದೆ ಮಲಗಿಯೇ ಇದ್ದರು. ಮೂರನೆಯ ದಿನ ಫ್ರಾನ್ಸಿನ ‘ಒಸಿರಿಸ್’ ಹಡಗಿನವರು ಬಂದು ಸ್ಟ್ರೆಚರಿನಲ್ಲಿ ಸಾಗಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡು, 2022ರಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟು 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು.

ನಮ್ಮಲ್ಲಿ ಕಾಯಿ ಕೀಳುವಾಗ ಮರದಿಂದ ಬಿದ್ದವರನ್ನು ಏನು ಮಾಡುತ್ತೇವೆ? ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಕೂರಿಸಿ ನೀರು ಕುಡಿಸಿ, ಬೈಕಿನಲ್ಲಿ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಮೂಳೆ ಮುರಿದಿದ್ದರೂ ಒಳಗಿನ ಹುರಿ ಉಳಿದಿರಬಹುದು. ಈ ಗಡಿಬಿಡಿಯಲ್ಲಿ ಮುರಿದ ಚೂರು ಸರಿದು ಹುರಿಗೆ ಒತ್ತಿದರೆ, ನಡೆಯಬಹುದಾಗಿದ್ದ ಮನುಷ್ಯ ಜೀವನಪೂರ್ತಿ ಹಾಸಿಗೆ ಹಿಡಿಯುತ್ತಾನೆ.

ಆದ್ದರಿಂದ ಬಿದ್ದವರನ್ನು ಬಿದ್ದ ಜಾಗದಲ್ಲೇ ಬಿಡಿ. ತಲೆಯನ್ನು ಒಬ್ಬರು ಎರಡೂ ಕೈಗಳಿಂದ ಅಲ್ಲಾಡದಂತೆ ಹಿಡಿಯಲಿ. 108ಕ್ಕೆ ಫೋನ್ ಮಾಡಿ. ಕಾಲ್ಬೆರಳು ಆಡುತ್ತವೆಯೇ, ಕಾಲು ಜೋಮು ಹಿಡಿದಿದೆಯೇ ಎಂದು ಕೇಳಿ. ಬಾಯಿಗೆ ಏನೂ ಹಾಕಬೇಡಿ. ವಾಂತಿ ಬಂದರೆ ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ, ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಮೂರು ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಿ. ಆಂಬುಲೆನ್ಸ್ ಬರುವಂತಿಲ್ಲದ ತೋಟವಾದರೆ ಇದೇ ರೀತಿ ಹೊರಳಿಸಿ ಅಗಲವಾದ ಹಲಗೆಯ ಮೇಲೆ, ಅದೂ ಇಲ್ಲದಿದ್ದರೆ ಕಳಚಿದ ಬಾಗಿಲಿನ ಮೇಲೆ ಮಲಗಿಸಿ, ಪಂಚೆಯಿಂದ ಕಟ್ಟಿ ಹೊತ್ತು ತನ್ನಿ. ಎಷ್ಟು ಎತ್ತರದಿಂದ, ಎಷ್ಟು ಹೊತ್ತಿಗೆ ಬಿದ್ದರು, ಬಿದ್ದಾಗ ಕಾಲು ಆಡುತ್ತಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.